ಗ್ರಿಲ್ಲಿಗೊಂದು ಚಿಲಕ

ಅಪ್ಪಾ,

ಎದುರು ನಿಂತು ಹೇಳಲು ನಾಲಿಗೆ ಏಳದು. ಅದಕ್ಕೇ ಈ ಚೀಟಿಯನ್ನು ನಿಮ್ಮ ವೆಲ್ಡಿಂಗ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಅಕ್ಕನ ಮಗು ಬೀಳದಿರಲೆಂದು ಹೊರಮೆಟ್ಟಿಲ ಕಡೆಯ ಕಿಟಕಿಗೆ ನೀವೇ ಗ್ರಿಲ್ ಕೂರಿಸಿದಿರಿ. ಅದು ಒಳಗಿನಿಂದ ತೆರೆಯುವಂತಿರಬೇಕು ಎಂದು ಅಗ್ನಿಶಾಮಕ ತಪಾಸಣೆಯವರು ಹೇಳಿದಾಗ, "ಬೆಸುಗೆ ಹಾಕಿದ್ಮೇಲೆ ಬಿಚ್ಚೋದೆಲ್ಲಿಂದ ಬಂತು?" ಎಂದು ನಕ್ಕಿರಿ.

ಅಮ್ಮ ನಿಮಗೆ ಹೇಳಿಲ್ಲ. ನಿನ್ನೆ ಒಲೆಯ ಬೆಂಕಿ ಪರದೆಗೆ ಹತ್ತಿ, ಹೊಗೆ ಬಾಗಿಲಿನ ದಾರಿ ಕಟ್ಟಿತು. ಪಕ್ಕದ ಮನೆಯವರು ಬಂದು ಆರಿಸುವವರೆಗೂ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಾನು ಆ ಗ್ರಿಲ್ಲನ್ನು ಜಗ್ಗಿದೆ. ನಿಮ್ಮ ಕೆಲಸ ಎಷ್ಟು ಗಟ್ಟಿಯೆಂದು ಈಗ ಗೊತ್ತಾಗಿದೆ.

ಭಾನುವಾರದೊಳಗೆ ಅದನ್ನು ಕೊಯ್ದು ಚಿಲಕ ಹಾಕಿ. ಮಗುವಿಗೆ ಎಟುಕದಿರಲಿ, ಅಮ್ಮನಿಗೆ ಎಟುಕಲಿ. ಇಲ್ಲದಿದ್ದರೆ, "ಅವನ ಬೆಸುಗೆ ಕಾಗೆ ಹಿಕ್ಕೆ" ಎಂದು ನೀವು ಆಡಿಕೊಳ್ಳುವ ಮೂಲೆ ಅಂಗಡಿಯವನನ್ನೇ ಕರೆತರುತ್ತೇನೆ.

ನೀವು ಬಾಯಿಲ್ಲದವಳು ಎನ್ನುವ
ಮಗಳು