ಕಾಳಣ್ಣನ ಸಂದರ್ಶನ

ಮಣಿಪಾಲ,
ಸೋಮವಾರ

ಪರಮಪೂಜ್ಯ ಮಾರ್ಗದರ್ಶಕರಾದ ಗುರುಪ್ರಸಾದ್ ಸರ್ ಅವರ ಪಾದಗಳಿಗೆ,

ನಿಮ್ಮ ಎಂಬಿಎ ಕ್ಲಾಸನ್ನು ಎಂದಿನಂತೆ ನಾನೇ ತೆಗೆದುಕೊಂಡೆ. ಇವತ್ತಿನ ಪಾಠ, ನಾಯಕತ್ವದಲ್ಲಿ ಪ್ರಾಮಾಣಿಕತೆ.

ಕಾರ್ಕಳ-ಉಡುಪಿ ಖಾಸಗಿ ಬಸ್ಸಿನವರು ಟೈಮಿಂಗಿನ ಜಗಳವನ್ನು ಪೊಲೀಸ್ ಸ್ಟೇಷನ್ನಿಗೆ ಹೋಗದೆ ಹೇಗೆ ಬಗೆಹರಿಸಿಕೊಳ್ಳುತ್ತಾರೆ ಎಂಬ ನನ್ನ ಅಧ್ಯಯನ ನಿಮ್ಮೊಬ್ಬರ ಹೆಸರಿನಲ್ಲಿ ಅಚ್ಚಾದದ್ದನ್ನು ನೋಡಿ ಧನ್ಯಳಾದೆ. ಎರಡು ವರ್ಷ ಫುಟ್‌ಬೋರ್ಡಿನಲ್ಲಿ ನೇತಾಡಿದ ನನಗೆ ಕೊನೆಯಲ್ಲಿ "ಟೈಪಿಂಗ್ ಸಹಾಯ" ಎಂಬ ಕೃತಜ್ಞತೆ ಉಂಟು. ಕೇಳಿದ್ದಕ್ಕೆ ನೀವು, "ಎಂತ ಮಾರಾಯ್ತಿ, ಪಿಎಚ್‌ಡಿ ಬೇಡವಾ ನಿನಗೆ?" ಎಂದಿರಿ.

ಬೇಕು ಸರ್. ಹಾಗಾಗಿ ಒಂದು ಸಣ್ಣ ತಿದ್ದುಪಡಿ. "ಬಜಗೋಳಿಯ ಹಿರಿಯ ಕಂಡಕ್ಟರ್ ಕಾಳಣ್ಣನನ್ನು ಖುದ್ದಾಗಿ ಸಂದರ್ಶಿಸಿದೆ" ಎಂದು ಲೇಖನದಲ್ಲಿದೆ. ಕಾಳಣ್ಣ ನಮ್ಮ ಮನೆಯ ನಾಯಿ. ನೀವು ಕರಡು ಓದುತ್ತೀರೋ ಇಲ್ಲವೋ ನೋಡಲು ಅವನನ್ನು ಸೇರಿಸಿದ್ದೆ. ನೀವು ಬೈದ ದಿನ ತೆಗೆಯುವವಳಿದ್ದೆ. ನೀವು ಬೈಯಲಿಲ್ಲ, "ಸೊಗಸಾಗಿದೆ" ಎಂದು ಷರಾ ಬರೆದಿರಿ. "ಖುದ್ದಾಗಿ" ಎಂಬುದನ್ನು ನೀವೇ ಸೇರಿಸಿದಿರಿ. ಇಡೀ ಲೇಖನದಲ್ಲಿ ನಿಮ್ಮ ಸ್ವಂತದ್ದು ಅದೊಂದೇ ಶಬ್ದ.

ಇಲ್ಲಿಗೆ ತಮಾಷೆ ಮುಗಿಯಿತು. ಲೇಖನವನ್ನು ಹಿಂತೆಗೆದುಕೊಳ್ಳುವಂತೆ ಸಂಪಾದಕರಿಗೆ ನೀವೇ ಬರೆಯಿರಿ. ನಾಯಿ ಇಲ್ಲದ, ನನ್ನ ಹೆಸರಿರುವ ಪ್ರತಿ ಸಿದ್ಧವಿದೆ. ಶುಕ್ರವಾರದೊಳಗೆ ಬರೆಯದಿದ್ದರೆ ಕಾಳಣ್ಣನ ಫೋಟೊ ಸಮೇತ ನಾನು ಬರೆಯುತ್ತೇನೆ.

ಮಾತಾಡಲೆಂದು ಮನೆಗೆ ಬರುವುದಾದರೆ ದಯವಿಟ್ಟು ಗೇಟಿನ ಹೊರಗೇ ನಿಲ್ಲಿ. ಅವನು ನಿಮ್ಮನ್ನು ಒಮ್ಮೆಯೂ ನೋಡಿದವನಲ್ಲ.

ಇತಿ ನಿಮ್ಮ ಟೈಪಿಸ್ಟ್,
ವಿಜೇತಾ