ಟೇಪು ಕುಗ್ಗಿರಲಿಲ್ಲ

ಹೊಲಿಗೆಯಂಗಡಿ, ಕಿಟಕಿಯ ಪಕ್ಕ
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಮುದ್ದಿನ ಪುಟ್ಟೀ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಕೂತು ಉಣ್ಣುತ್ತೀಯೋ, ಅಲ್ಲೂ ನಿಂತಲ್ಲೇ ಎರಡು ತುತ್ತು ಬಾಯಿಗೆ ಹಾಕಿಕೊಂಡು ಓಡುತ್ತೀಯೋ? ನಿಮ್ಮವರ ಕೆಮ್ಮು ಇಳಿಯಿತೆ? ನಾನು ಚೆನ್ನಾಗಿದ್ದೇನೆ. ಮೂರು ತಿಂಗಳ ಹಿಂದೆ ಹೀಗೆ ಬರೆದಿದ್ದರೆ ಹಸೀ ಸುಳ್ಳಾಗುತ್ತಿತ್ತು.

ಹೋದ ವರ್ಷವೆಲ್ಲ ನಾನು ಎಚ್ಚರವಾಗಿದ್ದೆನೋ ಇಲ್ಲವೋ ಎಂದೇ ಈಗ ಅನುಮಾನ. ನಾನೇ ತುಳಿಯುತ್ತಿದ್ದ ಮಿಷನ್ನಿನ ಸದ್ದು ಪಕ್ಕದ ಮನೆಯಿಂದ ಬಂದಂತೆ ಕೇಳುತ್ತಿತ್ತು. ತೊಡೆಯ ಮೇಲಿನ ಬಟ್ಟೆಗೆ ಬಿದ್ದ ಬಿಸಿಲು ನೋಡುತ್ತ ಕೂತರೆ ಸಂಜೆಯೇ ಆಗಿಬಿಡುತ್ತಿತ್ತು. ಎಲ್ಲರೂ ಬೆವರು ಒರೆಸಿಕೊಳ್ಳುವಾಗ ನಾನು ಗಿರಾಕಿಯ ಉಣ್ಣೆ ಕೋಟು ಹೊದ್ದುಕೊಂಡಿದ್ದೆ ಮಾರಾಯ್ತಿ! ಬಾಚಣಿಗೆ ತುಂಬ ಕೂದಲು. ಮುಟ್ಟು ಬಂದರೆ ಹತ್ತು ದಿನವಾದರೂ ನಿಲ್ಲದು. ಅಂಚೆಯವನ ಅಂಗಿಗೆ ಎರಡೂ ಬಲತೋಳನ್ನೇ ಹೊಲಿದು ಕೊಟ್ಟೆ. ಅವನು ಹಾಕಿಕೊಂಡು ನೋಡಿ, "ಅಕ್ಕಾ, ನಂಗೆ ಎಡಗೈನೇ ಇಲ್ಲ ಅಂತ ಯಾರು ಹೇಳಿದ್ರು?" ಅಂದ. ನಕ್ಕೆ. ಅವನು ಹೋದ ಮೇಲೆ ಅತ್ತೆ. ನಮ್ಮನೆಯವರು ಮಾತ್ರ, "ವಯಸ್ಸಾಯ್ತಲ್ಲ, ಇನ್ನೇನು" ಅಂದು ಪೇಪರು ತಿರುವಿದರು.

ಅಷ್ಟರಲ್ಲಿ ನನ್ನ ಅಂಗಿಯ ಕೊರಳ ಗುಂಡಿ ಹಾಕಲು ಬಾರದಾಯಿತು. ಅಳೆದರೆ ಒಂದಿಂಚು ಜಾಸ್ತಿ. ಟೇಪು ಕುಗ್ಗಿದೆ ಎಂದು ಹೊಸದು ತಂದೆ. ಅದೂ ಅಷ್ಟೇ ತೋರಿಸಿತು, ಅದನ್ನೂ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೊನೆಗೆ ರವಿಕೆಗೆ ಅಳತೆ ಕೊಡಲು ಬಂದ ನರ್ಸಮ್ಮ ನನ್ನ ಗಂಟಲನ್ನೇ ದಿಟ್ಟಿಸಿ, "ಒಂಚೂರು ನೀರು ನುಂಗು ನೋಡೋಣ" ಅಂದಳು. ನುಂಗಿದೆ. "ಟೇಪಿನ ತಂಟೆಗೆ ಹೋಗ್ಬೇಡ, ನಾಳೆ ಬಂದು ರಕ್ತ ಕೊಡು" ಅಂದಳು.

ಥೈರಾಯ್ಡ್ ಅಂತೆ. ಗಂಟಲಿನ ಆ ಪುಟ್ಟ ಗ್ರಂಥಿ ಸೋತರೆ ಮೈಯ ಎಲ್ಲ ಕೆಲಸವೂ ನಿಧಾನವಾಗುತ್ತದೆ, ಮುಟ್ಟೂ ದಾರಿ ತಪ್ಪುತ್ತದೆ ಎಂದರು ಡಾಕ್ಟರಮ್ಮ. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅದಾಗಿ ಅರ್ಧ ಗಂಟೆ ಕಾಫಿಯೂ ಇಲ್ಲ. ಕಾಫಿ ಇಲ್ಲದ ಆ ಅರ್ಧ ಗಂಟೆ ನನಗೆ ಘೋರ ಶಿಕ್ಷೆ! ಆದರೆ ವಾರಗಳು ಕಳೆದಂತೆ ಮಬ್ಬು ಹರಿಯಿತು. ಒಂದು ಬೆಳಿಗ್ಗೆ ಮಿಷನ್ ತುಳಿದಾಗ ಸದ್ದು ನನ್ನ ಕಾಲ ಬಳಿಯೇ ಕೇಳಿಸಿತು.

ಆ ದಿನ ಅಮ್ಮನ ಅಳತೆ ಪುಸ್ತಕ ತೆಗೆದೆ. ತನ್ನ ಅಂಗಿಗೆಂದು ತಾನೇ ಬರೆದುಕೊಂಡ ಕೊರಳಿನ ಅಳತೆ: ಹದಿಮೂರು, ಮುಂದಿನ ಪುಟದಲ್ಲಿ ಹದಿಮೂರೂವರೆ, ಕೊನೆಗೆ ಹದಿನಾಲ್ಕೂವರೆ. ಮಿಷನ್ನಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದ ಅವಳನ್ನು ನಾವು 'ನಿದ್ದೆಬುರುಕಿ' ಎಂದು ಆಡಿಕೊಂಡು ನಗುತ್ತಿದ್ದೆವಲ್ಲ ಪುಟ್ಟಿ. "ಇನ್ನೊಂಚೂರು ಮಲಗ್ತೀನಿ ಕಣ್ರೇ" ಅನ್ನುತ್ತಿದ್ದಳು. ಅವಳಿಗೂ ಇದೇ ಇತ್ತೋ ಏನೋ, ಇನ್ನು ಯಾರನ್ನು ಕೇಳಲಿ? 

ನಿಮ್ಮವರಿಗೆ ನಮಸ್ಕಾರ ಹೇಳು. ನೂರು ಕಾಲ ತಣ್ಣಗೆ ಬಾಳು ಕಂದಾ.

ನಿನ್ನ ಅಕ್ಕ

ಮತ್ತೆ — ಮರೆತಿದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಹೊಸ ಅಂಗಿಗೆ ನೀನು ಕಳಿಸಿದ ಅಳತೆಯಲ್ಲಿ ಕೊರಳು ಹದಿನಾಲ್ಕೂವರೆ ಎಂದಿದೆ. ನಿನ್ನ ಮದುವೆಗೆ ನಾನೇ ಅಳೆದಾಗ ಹದಿಮೂರಿತ್ತು. ಪಕ್ಕದಲ್ಲಿ 'ಟೇಪು ಹಳೇದು, ಕುಗ್ಗಿರಬೇಕು' ಎಂದು ಬೇರೆ ಬರೆದಿದ್ದೀಯ. ಎರಡು ಸಲ ಬಸಿರು ನಿಲ್ಲದ್ದಕ್ಕೆ, ಕಪಾಟು ಸರಿಸಿದ್ದೇ ತಪ್ಪಾಯಿತು ಎಂದು ನಿನ್ನನ್ನು ನೀನೇ ಶಪಿಸಿಕೊಳ್ಳುತ್ತೀಯಲ್ಲ, ಸಾಕು ಮಾಡು. ಈ ಥೈರಾಯ್ಡಿಗೆ ಮದ್ದು ಮಾಡದಿದ್ದರೆ ಬಸಿರು ನಿಲ್ಲದೆಯೂ ಹೋಗಬಹುದಂತೆ. ನಿನಗೂ ಇದೇ ಎಂದು ನಾನು ಹೇಳಲಾರೆ, ರಕ್ತ ಹೇಳುತ್ತದೆ. ಮತ್ತೆ ಮಗುವಿನ ಆಸೆ ಪಡುವ ಮೊದಲು ಹೋಗಿ ಪರೀಕ್ಷೆ ಮಾಡಿಸು. ನಿನ್ನ ಬಟ್ಟೆ ಮೇಜಿನ ಮೇಲೆ ಹರವಿದಂತೆಯೇ ಇದೆ. ರಕ್ತಪರೀಕ್ಷೆಯ ಚೀಟಿ ನನ್ನ ಕೈಸೇರುವವರೆಗೆ ಕತ್ತರಿ ಮುಟ್ಟುವುದಿಲ್ಲ.