ಮೊದಲ ಪುಟದಲ್ಲೇ ಕೊಲೆಗಾರ

ಅಂಗಡಿಯಿಂದ, ಡಿಸೆಂಬರ್ ಹದಿನಾರು, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಒಲೆಯ ಮುಂದೆ ನಿಂತು ನಿಂತು ಊದಿಕೊಂಡಿದ್ದ ಕಾಲು ಇಳಿಯಿತೇ? ಹೋಟೆಲಿಗೆ ಫೋನ್ ಮಾಡಿದಾಗಲೆಲ್ಲ ನೀನು ಕ್ರಿಸ್‌ಮಸ್ ಕೇಕುಗಳ ಮಧ್ಯೆ ಇದ್ದೀಯೆಂದು ಹೇಳಿ ಇಟ್ಟುಬಿಡುತ್ತಾರೆ. ಕೂರಲು ಪುರಸೊತ್ತಿಲ್ಲದಿದ್ದರೆ ನಿಂತೇ ಓದು. ನಾನಂತೂ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪತ್ರ ಶುರುಮಾಡಿದ ಮೇಲೂ ಸುಮ್ಮಸುಮ್ಮನೆ ಎದ್ದು ಬಾಗಿಲ ತನಕ ಹೋಗಿ ಬಂದೆ.

ನಮ್ಮ ಬಾಡಿಗೆ ಪುಸ್ತಕದಂಗಡಿಗೆ ಡಿಸೆಂಬರೇ ಸುಗ್ಗಿ. ಕ್ರಿಸ್‌ಮಸ್ ರಾತ್ರಿ, ಒಂದು ಬಂಗಲೆ, ಮೇಜಿನ ಸುತ್ತ ನೆಂಟರು, ಬೆಳಗಾಗುವುದರೊಳಗೆ ಒಬ್ಬ ಕಡಿಮೆ: ಇಂಥ ಪತ್ತೇದಾರಿಗಳಿಗೆ ಜನ ಮುಗಿಬೀಳುತ್ತಾರೆ. ‘ಓದದೆ ಕೇಳಬೇಡಿ, ಓದಿ ಹೇಳಬೇಡಿ’ ಎಂದು ಪ್ರಾಸ ಕಟ್ಟಿ ಬೋರ್ಡನ್ನೂ ತೂಗುಹಾಕಿದ್ದೆ. ಈ ಸಲ ಯಾರೋ ಅದಕ್ಕೆ ಮಣ್ಣು ಹಾಕಿದರು. ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ದಪ್ಪಗೆ: ಕೊಂದವಳು ಸೊಸೆ. ಇನ್ನೊಂದರಲ್ಲಿ: ಡಾಕ್ಟರೇ. ಪೋಸ್ಟ್‌ಮಾಸ್ತರು ಪುಸ್ತಕ ಹಿಂದೆ ತಂದು, “ಏನ್ರೀ, ತುತ್ತು ಇಡೋ ಮುಂಚೆನೇ ತಟ್ಟೆ ಎತ್ತಿಬಿಟ್ರಲ್ಲ” ಅಂದರು. ಆಮೇಲೆ ಅವರೂ ಬರಲಿಲ್ಲ, ಅವರ ಮಾತು ಕೇಳಿದವರೂ ಬರಲಿಲ್ಲ.

ನನ್ನ ಅನುಮಾನ ಎದುರುಗಡೆ ಹೊಸದಾಗಿ ಪುಸ್ತಕದಂಗಡಿ ತೆರೆದವನ ಮೇಲೆ ಬಿತ್ತು. ಅವನ ಬೆನ್ನುಹತ್ತಿ ಚಳಿಯಲ್ಲಿ ತಿರುಗಿದ ಈ ಪತ್ತೇದಾರನಿಗೆ ಸಿಕ್ಕಿದ್ದು ನೆಗಡಿ. ನಿನ್ನೆ ಪುಸ್ತಕವೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಬರೆದವರು ಅಳಿಸಲೂ ನೋಡಿದ್ದಾರೆ! ರಬ್ಬರು ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿದೆ. ಆದರೆ ಉಜ್ಜಿರುವುದು ಬರಹದ ಮೇಲಲ್ಲ, ಅದರ ಪಕ್ಕದ ಖಾಲಿ ಜಾಗದಲ್ಲಿ. ಎಲ್ಲ ಪುಸ್ತಕಗಳಲ್ಲೂ ಹಾಗೆಯೇ. ಕೇಡು ಬಗೆದವನು ಅಳಿಸುವುದೇಕೆ? ಅಳಿಸಹೊರಟವರಿಗೆ ಅಷ್ಟು ದೊಡ್ಡ ಅಕ್ಷರ ಕಾಣದ್ದೇಕೆ? ಅವೆಲ್ಲ ಹರಿದ ರಟ್ಟು ಅಂಟಿಸಲೆಂದು ನಾನೇ ಮನೆಗೆ ಒಯ್ದು ಅಮ್ಮನ ಕೈಗೆ ಕೊಟ್ಟ ಪುಸ್ತಕಗಳು, ಪುಟ್ಟಿ.

ಆ ಪುಸ್ತಕ ಹಿಡಿದೇ ಮನೆಗೆ ಓಡಿ ಕೇಳಿದೆ. ಕೊನೆಯ ಪುಟ ಮೊದಲು ಓದುವವರನ್ನು ಕಂಡರೆ ಉರಿದುಬೀಳುತ್ತಿದ್ದ ಅಮ್ಮ ಗೋಂದಿನ ಕೈ ಒರೆಸಿಕೊಳ್ಳುತ್ತ, “ನಾಲ್ಕು ಪುಟ ಓದೋಷ್ಟರಲ್ಲಿ ಕಣ್ಣು ಮಂಜಾಗುತ್ತೆ ಕಣೋ. ಮೊದಲಿಂದ ಹಿಡಿದ್ರೆ ಮುಗಿಯೋದು ಯಾವಾಗ? ಕೊನೆಯಾದ್ರೂ ಗೊತ್ತಿರ್ಲಿ ಅಂತ” ಅಂದಳು. ಮರೆಯದಿರಲೆಂದು ದಪ್ಪಗೆ ಬರೆದುಕೊಂಡು, ಅಂಗಡಿಗೆ ಕಳಿಸುವಾಗ ಅಳಿಸುತ್ತಿದ್ದಳಂತೆ. “ನೋಡು, ಎಷ್ಟು ಚೆನ್ನಾಗಿ ಅಳಿಸಿದ್ದೀನಿ” ಎಂದು ಪುಟ ತೆರೆದು ತೋರಿಸಿದಳು. ಕೊಲೆಗಾರ ಡಾಕ್ಟರು ಅಲ್ಲೇ ಠೀವಿಯಿಂದ ಕೂತಿದ್ದರು. ಹೌದಮ್ಮ, ಗುರುತೇ ಇಲ್ಲ, ಅಂದೆ.

ಚಳಿ ಜಾಸ್ತಿ, ಕಿವಿ ಮುಚ್ಚಿಕೋ. ಬೆಂಕಿ ಹತ್ತಿರ, ಸೆರಗು ಕಟ್ಟಿಕೋ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಕೇಸು ಗೆದ್ದೂ ನಿದ್ದೆಗೆಟ್ಟಿರುವ
ನಿನ್ನ ಅಣ್ಣ

ತಾ.ಕ.: ನಿನ್ನೆ ಸಂಜೆಯೇ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ಈ ವಾರದೊಳಗೆ ಆಪರೇಷನ್ ಆಗಬೇಕಂತೆ; ತಡವಾದರೆ ಇರುವಷ್ಟೂ ಹೋಗುತ್ತದೆ, ಮಾಡಿದರೂ ಉಳಿಯುತ್ತದೆಂದು ಮಾತು ಕೊಡಲಾರರಂತೆ. ಅಮ್ಮ ಒಪ್ಪುತ್ತಿಲ್ಲ. “ಕ್ರಿಸ್‌ಮಸ್ ಮುಗಿದ ಮೇಲೆ ಪುಟ್ಟಿ ಬರ್ತಾಳಲ್ಲ, ಅವಳ ಮುಖ ಒಂದ್ಸಲ ನೋಡ್ಕೊಂಡು ಆಮೇಲೆ ಮಾಡಿಸ್ಕೋತೀನಿ” ಅನ್ನುತ್ತಾಳೆ. ಪತ್ರವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ, ಹಾರ್ನ್ ಹೊಡೆಯುತ್ತಿದ್ದಾನೆ. ಕೇಕು ಬೇರೆಯವರು ಬೇಯಿಸಲಿ. ಅದೇ ಬಸ್ಸು ನಾಳೆ ಬೆಳಗ್ಗೆ ವಾಪಸು ಹೊರಡುತ್ತದೆ. ಹತ್ತಿಬಿಡು.